ಚಾಗಸ್ ರೋಗ: ಸೈಟೊಕೈನ್ ವರದಿ ನೋಡಿ ಹೃದಯದ ಭವಿಷ್ಯ ಹೇಳಬಹುದೇ?

ಪ್ರಶ್ನೆ

ಡಾಕ್ಟರೇ, ನಾನು ಹಾಸನ ಜಿಲ್ಲೆಯವನು. ಕೆಲಸಕ್ಕೆಂದು ಅಮೆರಿಕದ ವರ್ಜೀನಿಯಾಕ್ಕೆ ಬಂದು ಇಲ್ಲೇ ನೆಲೆಸಿದ್ದೇನೆ. ನನ್ನ ಹೆಂಡತಿ ಬೊಲಿವಿಯಾದ ಕೊಚಬಾಂಬಾ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವಳು, ವಯಸ್ಸು 36. ಹೋದ ವರ್ಷ ಮೊದಲ ಸಲ ರಕ್ತದಾನ ಮಾಡಿದಳು. ಕೆಲವು ವಾರ ಕಳೆದು ‘ಚಾಗಸ್ ರೋಗದ ಪ್ರತಿಕಾಯ ಕಂಡುಬಂದಿದೆ’ ಎಂದು ಪತ್ರ ಬಂತು. ಬೇರೆ ಬೇರೆ ವಿಧಾನದ ಇನ್ನೆರಡು ಪರೀಕ್ಷೆ ಮಾಡಿಸಿದೆವು, ಎರಡೂ ಪಾಸಿಟಿವ್. ಇಸಿಜಿಯಲ್ಲಿ ‘ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’ ಇದೆ, ಎಕೋ ನಾರ್ಮಲ್. ಅವಳಿಗೆ ಸುಸ್ತಿಲ್ಲ, ಉಬ್ಬಸವಿಲ್ಲ, ಎಂದೂ ತಲೆಸುತ್ತಿ ಬಿದ್ದಿಲ್ಲ.

ಈ ನಡುವೆ ಒಂದು ಸಂಶೋಧನೆಗೆ ರಕ್ತ ಕೊಟ್ಟಿದ್ದಳು. ಅವರು ಕಳಿಸಿದ ಹಾಳೆಯಲ್ಲಿ ಸೈಟೊಕೈನ್ ಎಂಬ, ರಕ್ಷಣಾ ಕೋಶಗಳು ಹೊರಬಿಡುವ ಪ್ರೋಟೀನುಗಳ ಅಳತೆ ಇದೆ; ಅದರಲ್ಲಿ ಇಂಟರ್‌ಫೆರಾನ್-ಗಾಮಾ ಮತ್ತು ಟಿಎನ್‌ಎಫ್ ‘ಹೆಚ್ಚು’, ಐಎಲ್-10 ‘ಕಡಿಮೆ’ ಎಂದಿದೆ. ನೆಟ್‌ನಲ್ಲಿ ಹುಡುಕಿದರೆ ಹೃದಯ ಹಾಳಾಗುವವರ ರಕ್ತ ಹೀಗೇ ಇರುತ್ತದೆ ಎಂದು ಬರುತ್ತದೆ. ಅಮ್ಮ ಊರಿನಿಂದ ಫೋನ್ ಮಾಡಿ, ಅಮೃತಬಳ್ಳಿ ಕಷಾಯ ಕೊಡು, ರೋಗನಿರೋಧಕ ಶಕ್ತಿ ಹೆಚ್ಚಲಿ ಎನ್ನುತ್ತಾರೆ. ಇಲ್ಲಿನ ಗೆಳೆಯನೊಬ್ಬ, ಹೆಚ್ಚಾಗಿರುವುದೇ ತೊಂದರೆ, ಸ್ಟೀರಾಯ್ಡ್ ಕೊಟ್ಟು ಇಳಿಸಬೇಕು ಎನ್ನುತ್ತಾನೆ. ವೈದ್ಯರು ರೋಗಾಣು ಕೊಲ್ಲುವ ಬೆಂಜ್ನಿಡಜೋಲ್ ಎಂಬ ಮಾತ್ರೆ ಎರಡು ತಿಂಗಳು ತೆಗೆದುಕೊಳ್ಳಿ ಎಂದಿದ್ದಾರೆ. ಅದರ ಅಡ್ಡಪರಿಣಾಮ ಓದಿ ಭಯವಾಗಿದೆ. ಐದು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗುವಿನ ಆಸೆಯೂ ಇದೆ. ಯುಗಾದಿಗೆ ಊರಿಗೆ ಬರುವವರಿದ್ದೇವೆ. ಮನೆಯವರಿಗೆ ಅಂಟುತ್ತದೆಯೇ? ಯಾರ ಮಾತು ಕೇಳಲಿ?

ಉತ್ತರ

ಪ್ರಶ್ನೆಗಳು ಐದಾರಿದ್ದರೂ ನಿಮ್ಮ ನಿದ್ದೆಗೆಡಿಸಿರುವುದು ಒಂದೇ ಎಂದು ಕಾಣುತ್ತದೆ. ಆ ಹಾಳೆಯ ಮೂರು ಸಾಲು ನಿಮ್ಮ ಪತ್ನಿಯ ಹೃದಯಕ್ಕೆ ಮುಂದೆ ಏನಾಗುತ್ತದೆ ಎಂದು ಈಗಲೇ ಹೇಳಿಬಿಟ್ಟಿದೆಯೇ? ಇಲ್ಲ, ಹೇಳಿಲ್ಲ. ಹಾಳೆಯಲ್ಲಿರುವುದು ಸುಳ್ಳಲ್ಲ, ನೀವು ನೆಟ್‌ನಲ್ಲಿ ಓದಿದ್ದೂ ಪೂರ್ತಿ ಸುಳ್ಳಲ್ಲ; ಎರಡನ್ನೂ ಕೂಡಿಸಿ ನೀವು ಕಟ್ಟಿಕೊಂಡ ತೀರ್ಮಾನಕ್ಕೆ ಮಾತ್ರ ಆಧಾರವಿಲ್ಲ. ಔಷಧಿಯ ವಿಚಾರ ಬೇರೆ, ಅದರಲ್ಲಿ ನಿಮ್ಮ ವೈದ್ಯರ ಮಾತು ಕೇಳುವುದಕ್ಕೆ ಗಟ್ಟಿ ಕಾರಣಗಳಿವೆ. ಆ ಕಾರಣಗಳಿಗೂ ಈ ಹಾಳೆಗೂ ಸಂಬಂಧವಿಲ್ಲ.

ಕನ್ನಡದ ಬಹುಪಾಲು ಓದುಗರು ಈ ರೋಗದ ಹೆಸರನ್ನೇ ಕೇಳಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಹಿನ್ನೆಲೆ. 1909ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಲಸಾನ್ಸ್ ಎಂಬ ಊರಿನಲ್ಲಿ, ರೈಲುಹಳಿ ಹಾಕುವ ಕೂಲಿಗಳ ಮಲೇರಿಯಾ ತಡೆಯಲು ಹೋಗಿದ್ದ ಕಾರ್ಲೋಸ್ ಚಾಗಸ್ ಎಂಬ ವೈದ್ಯರು, ಬೆರೆನೀಸ್ ಎಂಬ ಎರಡು ವರ್ಷದ ಮಗುವಿನ ರಕ್ತದಲ್ಲಿ ಬಾಲವಿರುವ ಒಂದು ಏಕಕೋಶ ಜೀವಿಯನ್ನು ಕಂಡರು. ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರ ಗೌರವಕ್ಕೆ ಅದನ್ನು ಟ್ರಿಪನೊಸೋಮಾ ಕ್ರೂಜಿ ಎಂದು ಕರೆದರು. ನಮ್ಮ ಬಿಹಾರದ ಕಡೆಯ ಕಾಲಾ ಅಜಾರ್ ರೋಗಾಣುವಿಗೆ ಇದು ದೂರದ ನೆಂಟ. ಹರಡುವುದು ತಿಗಣೆಯ ಬಳಗದ, ಆದರೆ ಅದಕ್ಕಿಂತ ಬಹಳ ದೊಡ್ಡ ಕೀಟವೊಂದರಿಂದ. ಬೊಲಿವಿಯಾದವರು ಅದನ್ನು ವಿಂಚೂಕ ಎನ್ನುತ್ತಾರೆ, ನಿಮ್ಮ ಪತ್ನಿಯನ್ನು ಕೇಳಿದರೆ ಕೂಡಲೇ ಗುರುತು ಹೇಳುತ್ತಾರೆ. ಹಗಲೆಲ್ಲ ಮಣ್ಣುಗೋಡೆಯ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಮಲಗಿದವರ ಮುಖದ ಮೇಲೆ ಕೂತು ರಕ್ತ ಹೀರುತ್ತದೆ. ರೋಗಾಣು ಇರುವುದು ಕೀಟದ ಹಿಕ್ಕೆಯಲ್ಲಿ. ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಾಗ ಅದು ಗಾಯದೊಳಗೆ, ಕಣ್ಣಿನೊಳಗೆ ಸೇರುತ್ತದೆ. ತಾಯಿಯಿಂದ ಗರ್ಭದಲ್ಲಿನ ಮಗುವಿಗೆ, ರಕ್ತ ಮತ್ತು ಅಂಗದಾನದ ಮೂಲಕ, ಕೀಟ ಬಿದ್ದು ಕಲುಷಿತವಾದ ಹಣ್ಣಿನ ರಸ, ಕಬ್ಬಿನ ಹಾಲಿನ ಮೂಲಕವೂ ಬರಬಹುದು.

ಜಗತ್ತಿನಲ್ಲಿ ಸುಮಾರು 70 ಲಕ್ಷ ಜನರಿಗೆ ಈ ಸೋಂಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜನಸಂಖ್ಯೆಗೆ ಹೋಲಿಸಿದರೆ ಬೊಲಿವಿಯಾದಲ್ಲಿ ಅತಿ ಹೆಚ್ಚು. ನೀವಿರುವ ವರ್ಜೀನಿಯಾದ ಉತ್ತರ ಭಾಗದಲ್ಲಿ ಬೊಲಿವಿಯಾದವರ ದೊಡ್ಡ ಸಮುದಾಯವೇ ಇರುವುದರಿಂದ ನಿಮ್ಮ ವೈದ್ಯರಿಗೆ ಇದು ಹೊಸ ರೋಗವಾಗಿರಲಾರದು. ಅಮೆರಿಕದಲ್ಲಿ ದಾನಿಗಳ ರಕ್ತವನ್ನು ಇದಕ್ಕಾಗಿ ಪರೀಕ್ಷಿಸುವುದು 2007ರಿಂದ ಶುರುವಾಯಿತು, ಅನೇಕರಿಗೆ ಸುದ್ದಿ ಮುಟ್ಟುವುದೇ ನಿಮಗೆ ಬಂದಂಥ ಪತ್ರದಿಂದ.

ಸೋಂಕು ತಗಲಿದವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಅನ್ನನಾಳ, ದೊಡ್ಡ ಕರುಳು ಹಿಗ್ಗುತ್ತವೆ. ಉಳಿದವರು ರೋಗಾಣುವನ್ನು ಮೈಯಲ್ಲಿಟ್ಟುಕೊಂಡೇ ಪೂರ್ಣಾಯುಷ್ಯ ಬದುಕುತ್ತಾರೆ. ಮೇಲೆ ಹೇಳಿದ ಬೆರೆನೀಸ್ ಎಪ್ಪತ್ತು ದಾಟಿ ಬದುಕಿದರು; ಮುದಿ ವಯಸ್ಸಿನಲ್ಲೂ ಅವರ ರಕ್ತದಿಂದ ರೋಗಾಣುವನ್ನು ಬೇರ್ಪಡಿಸಲು ಸಾಧ್ಯವಾಗಿತ್ತು, ಆದರೂ ಚಾಗಸ್‌ನ ಹೃದ್ರೋಗ ಅವರಿಗೆ ಬರಲಿಲ್ಲ. ವೈದ್ಯಲೋಕ ಕಂಡ ಮೊದಲ ರೋಗಿಯ ಕಥೆಯೇ ಹೀಗಿದೆ.

ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಯ ಬೆನ್ನು ಹತ್ತಿಯೇ ವಿಜ್ಞಾನಿಗಳು ಸೈಟೊಕೈನ್‌ಗಳತ್ತ ತಿರುಗಿದ್ದು. ಈ ಹೆಸರು ನಮ್ಮವರಿಗೆ ಕೋವಿಡ್ ಕಾಲದಲ್ಲಿ ಪರಿಚಯವಾಯಿತು. 2021ರ ಎರಡನೇ ಅಲೆಯಲ್ಲಿ ಐಎಲ್-6 ವರದಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ‘ಇದು ಸೈಟೊಕೈನ್ ಬಿರುಗಾಳಿಯೇ ಡಾಕ್ಟರೇ?’ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಆ ನೆನಪು ನಿಮ್ಮ ಭಯದ ಹಿಂದೆಯೂ ಇರಬಹುದು. ಆದರೆ ಕೋವಿಡ್‌ನದು ಕೆಲವೇ ದಿನಗಳಲ್ಲಿ ಏರಿ ಮೈಯನ್ನೆಲ್ಲ ಅಲ್ಲಾಡಿಸುವ ಉರಿಯೂತ. ದೀರ್ಘಕಾಲದ ಚಾಗಸ್‌ನಲ್ಲಿ ಇರುವುದು ದಶಕಗಟ್ಟಲೆ ಒಳಗೊಳಗೇ ಸಣ್ಣಗೆ ನಡೆಯುವ ಉರಿಯೂತ. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಸೈಟೊಕೈನ್‌ಗಳು ನಮ್ಮ ರಕ್ಷಣಾ ಕೋಶಗಳು ಒಂದಕ್ಕೊಂದು ಸೂಚನೆ ಕೊಡಲು ಹೊರಬಿಡುವ ಪುಟ್ಟ ಪ್ರೋಟೀನುಗಳು. ಕ್ರೂಜಿ ರೋಗಾಣು ರಕ್ತದಲ್ಲಿ ಹೇರಳವಾಗಿ ಸಿಗುವುದು ಸೋಂಕಿನ ಮೊದಲ ಕೆಲವು ವಾರ ಮಾತ್ರ. ಆಮೇಲೆ ಅದು ಸ್ನಾಯುಕೋಶಗಳ ಒಳಹೊಕ್ಕು, ಉದ್ದ ಬಾಲ ಕಳೆದುಕೊಂಡು, ದುಂಡಗಾಗಿ ಕೂತು ಹೆಚ್ಚುತ್ತದೆ. ಹೃದಯದ ಸ್ನಾಯು ಅದಕ್ಕೆ ಬಲು ಪ್ರಿಯವಾದ ಜಾಗ. ಅದನ್ನು ಹುಡುಕಿ ಕೊಲ್ಲಬೇಕಾದವು ಟಿ ಕೋಶಗಳು ಮತ್ತು ಮ್ಯಾಕ್ರೊಫೇಜ್ ಎಂಬ ನುಂಗುಕೋಶಗಳು. ಟಿ ಕೋಶ ಇಂಟರ್‌ಫೆರಾನ್-ಗಾಮಾ ಹೊರಬಿಟ್ಟಾಗ ಮ್ಯಾಕ್ರೊಫೇಜ್ ಎಚ್ಚೆತ್ತು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ರೋಗಾಣುವಿಗೆ ಅದು ವಿಷ. ಈ ಕೆಲಸದಲ್ಲಿ ಟಿಎನ್‌ಎಫ್ ಕೈಜೋಡಿಸುತ್ತದೆ. ಇಂಟರ್‌ಫೆರಾನ್-ಗಾಮಾ ತಯಾರಿಸಲಾಗದ ಇಲಿಗಳಿಗೆ ಸೋಂಕು ತಗಲಿಸಿದರೆ ರೋಗಾಣು ಲಂಗುಲಗಾಮಿಲ್ಲದೆ ಹೆಚ್ಚಿ ಅವು ಸಾಯುತ್ತವೆ. ಅಂದರೆ ನಿಮ್ಮ ಹಾಳೆಯಲ್ಲಿ ‘ಹೆಚ್ಚು’ ಎಂದು ಕೆಂಪಕ್ಷರದಲ್ಲಿರುವ ಅದೇ ವಸ್ತು ನಿಮ್ಮ ಪತ್ನಿಯನ್ನು ಇಷ್ಟು ವರ್ಷ ಕಾಯ್ದಿದೆ.

ತೊಂದರೆ ಬರುವುದು ಈ ಕಾದಾಟ ಮುಗಿಯದೇ ಇದ್ದಾಗ. ರೋಗಾಣು ಪೂರ್ತಿ ಸಾಯುವುದಿಲ್ಲ, ಟಿ ಕೋಶಗಳು ಹೃದಯದ ಸ್ನಾಯುವಿನ ಎಳೆಗಳ ನಡುವೆ ಬೀಡುಬಿಡುತ್ತವೆ. ರೋಗಾಣುವಿಗೆಂದು ಬಿಟ್ಟ ಅಸ್ತ್ರ ಅಕ್ಕಪಕ್ಕದ ಆರೋಗ್ಯವಂತ ಕೋಶಗಳಿಗೂ ತಾಗುತ್ತದೆ. ಸತ್ತ ಸ್ನಾಯುವಿನ ಜಾಗವನ್ನು ನಾರಿನಂಥ ಗಾಯದ ಕಲೆ ತುಂಬಿಕೊಳ್ಳುತ್ತದೆ. ಇದಕ್ಕೆ ಒತ್ತು ಕೊಡುವುದು ಟಿಜಿಎಫ್-ಬೀಟಾ ಎಂಬ ಇನ್ನೊಂದು ಸೈಟೊಕೈನ್. ಕಲೆ ಹೃದಯದ ವಿದ್ಯುತ್ ಹಾದಿಯ ಮೇಲೆ ಬಿದ್ದರೆ ಇಸಿಜಿಯಲ್ಲಿ ಬ್ಲಾಕ್, ಪಂಪ್ ಮಾಡುವ ಗೋಡೆಯಲ್ಲಿ ಹರಡಿದರೆ ಹೃದಯ ಹಿಗ್ಗುವಿಕೆ. ಈ ಕಾದಾಟಕ್ಕೆ ಕಡಿವಾಣ ಹಾಕುವ ಸೂಚನೆ ಐಎಲ್-10ನದು.

ಬ್ರೆಜಿಲ್‌ನ ಸಾವೊ ಪಾಲೊ, ಬೆಲೊ ಹೊರಿಜಾಂಟೆಯ ತಂಡಗಳು ವರ್ಷಗಟ್ಟಲೆ ನಡೆಸಿದ ಅಧ್ಯಯನಗಳಲ್ಲಿ ಒಂದು ಒಟ್ಟು ಚಿತ್ರ ಮೂಡಿದೆ. ಹೃದ್ರೋಗ ಬಂದ ಗುಂಪಿನಲ್ಲಿ ಸರಾಸರಿ ಇಂಟರ್‌ಫೆರಾನ್-ಗಾಮಾ ಮತ್ತು ಟಿಎನ್‌ಎಫ್ ಹೆಚ್ಚು. ಹೃದಯ ಚೆನ್ನಾಗಿರುವ ಗುಂಪಿನಲ್ಲಿ ಐಎಲ್-10 ಹೆಚ್ಚು. ಐಎಲ್-17 ಕೂಡ ಹೃದಯ ಚೆನ್ನಾಗಿರುವವರಲ್ಲೇ ಹೆಚ್ಚು, ಸಾಮಾನ್ಯವಾಗಿ ಉರಿಯೂತದ ಪಟ್ಟಿಗೆ ಸೇರುವ ಈ ಸೈಟೊಕೈನ್ ಇಲ್ಲಿ ಯಾಕೋ ಹೃದಯದ ಪರ ನಿಂತಂತೆ ಕಾಣುತ್ತದೆ. ನೀವು ನೆಟ್‌ನಲ್ಲಿ ಓದಿದ್ದು ಇದನ್ನೇ.

ಇನ್ನು ನಿಮ್ಮ ಹಾಳೆಗೆ ಬರೋಣ. ಇಂಥ ಯಾವುದಾದರೂ ಪ್ರಬಂಧದ ಚಿತ್ರವನ್ನು ತೆರೆದು ನೋಡಿ. ಎಡಕ್ಕೆ ಹೃದಯ ಚೆನ್ನಾಗಿರುವವರ ಚುಕ್ಕಿಗಳು, ಬಲಕ್ಕೆ ಹೃದ್ರೋಗಿಗಳ ಚುಕ್ಕಿಗಳು, ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ, ಮಧ್ಯೆ ಸರಾಸರಿಯ ಅಡ್ಡಗೆರೆ. ಬಲಗಡೆಯ ಗೆರೆ ಮೇಲಿದೆ, ಈ ವ್ಯತ್ಯಾಸ ಆಕಸ್ಮಿಕವಲ್ಲ ಎನ್ನುವ ನಕ್ಷತ್ರ ಚಿಹ್ನೆಯೂ ಮೇಲೊಂದಿದೆ. ಆದರೆ ಗೆರೆ ಬಿಟ್ಟು ಚುಕ್ಕಿಗಳನ್ನು ನೋಡಿ: ಎಡಗಡೆಯ ಎಷ್ಟೋ ಚುಕ್ಕಿ ಬಲಗಡೆಯ ಗೆರೆಗಿಂತ ಮೇಲಿರುತ್ತವೆ, ಬಲಗಡೆಯ ಎಷ್ಟೋ ಚುಕ್ಕಿ ತೀರಾ ಕೆಳಗೆ ಬಿದ್ದಿರುತ್ತವೆ. ಎರಡು ಗುಂಪಿನ ಸರಾಸರಿ ಬೇರೆ ಎನ್ನಲು ಆ ಚಿತ್ರ ಸಾಕು. ಒಂದು ಚುಕ್ಕಿ ಕೊಟ್ಟು ಇದು ಯಾವ ಗುಂಪಿನದು ಹೇಳಿ ಎಂದರೆ ಅದನ್ನು ಬರೆದವರೂ ಹೇಳಲಾರರು. ನಿಮ್ಮ ಪತ್ನಿ ಒಂದು ಚುಕ್ಕಿ.

ಎರಡನೆಯ ತೊಡಕು ಯಾವುದು ಮೊದಲು ಎಂಬುದು. ಈ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವು ಹತ್ತಾರು ರೋಗಿಗಳ ರಕ್ತವನ್ನು ಒಂದೇ ಸಲ ತೆಗೆದು ಅಳೆದಂಥವು. ಹೃದಯ ಸೋತಾಗ, ಅದಕ್ಕೆ ಕಾರಣ ಏನೇ ಇರಲಿ, ರಕ್ತದಲ್ಲಿ ಟಿಎನ್‌ಎಫ್ ಏರುತ್ತದೆ. ಹೃದಯಾಘಾತದಿಂದ ಸೋತ ಹೃದಯದಲ್ಲೂ ಇದನ್ನು ಕಂಡಿದ್ದಾರೆ. ಹಾಗಾಗಿ ಏರಿದ ಟಿಎನ್‌ಎಫ್ ಹೃದಯವನ್ನು ಕೆಡಿಸಿತೋ, ಕೆಟ್ಟ ಹೃದಯವೇ ಅದನ್ನು ಏರಿಸಿತೋ ಎಂಬುದು ಒಂದು ಸಲದ ರಕ್ತದಿಂದ ತಿಳಿಯುವುದಿಲ್ಲ. ನಿಮ್ಮ ಪತ್ನಿಯ ಎಕೋ ನಾರ್ಮಲ್ ಇರುವಾಗ ಆ ಪ್ರಬಂಧಗಳ ಹೃದ್ರೋಗಿಗಳ ಪಕ್ಕದಲ್ಲಿ ಅವರನ್ನು ನಿಲ್ಲಿಸುವುದೇ ತಪ್ಪು.

ಮೂರನೆಯದು ಪ್ರಯೋಗಾಲಯದ ಒಳಗಿನ ಸಂಗತಿ, ಹೊರಗಿನವರಿಗೆ ಕಾಣದಂಥದ್ದು. ರಕ್ತ ತೆಗೆದದ್ದು ಕೆಂಪು ಮುಚ್ಚಳದ ಟ್ಯೂಬಿಗೋ, ನೇರಳೆ ಮುಚ್ಚಳದ ಟ್ಯೂಬಿಗೋ? ಕೆಂಪಿನದರಲ್ಲಿ ರಕ್ತ ಹೆಪ್ಪುಗಟ್ಟಿ ಸೀರಮ್ ಸಿಗುತ್ತದೆ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮೊಳಗಿನ ಟಿಜಿಎಫ್-ಬೀಟಾ ಮೊದಲಾದುವನ್ನು ಸುರಿಯುತ್ತವೆ, ಮೈಯಲ್ಲಿ ಇಲ್ಲದ ಏರಿಕೆ ಟ್ಯೂಬಿನಲ್ಲಿ ಕಾಣುತ್ತದೆ. ನೇರಳೆಯದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ, ಅಲ್ಲಿನ ಅಂಕಿ ಬೇರೆ. ಟ್ಯೂಬು ಮೇಜಿನ ಮೇಲೆ ಎಷ್ಟು ಹೊತ್ತು ಕೂತಿತ್ತು, ಫ್ರೀಜರಿನಿಂದ ತೆಗೆದು ಎಷ್ಟು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿದರು ಎಂಬುದೂ ಅಂಕಿಯನ್ನು ಏರುಪೇರು ಮಾಡುತ್ತದೆ. ಅಳತೆ ಪಿಕೊಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಭಾಗಗಳಲ್ಲಿ ಎಷ್ಟು ಎಂಬ ಲೆಕ್ಕದಲ್ಲಿ. ಆರೋಗ್ಯವಂತರ ರಕ್ತದಲ್ಲಿ ಇಂಟರ್‌ಫೆರಾನ್-ಗಾಮಾ ಎಷ್ಟೋ ಸಲ ಯಂತ್ರ ಹಿಡಿಯಬಲ್ಲ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಸಕ್ಕರೆ, ಕೊಲೆಸ್ಟರಾಲಿಗೆ ಇರುವಂತೆ ‘ಇಷ್ಟರಿಂದ ಇಷ್ಟು ನಾರ್ಮಲ್’ ಎಂದು ಎಲ್ಲ ಲ್ಯಾಬ್‌ಗಳೂ ಒಪ್ಪಿದ ಗಡಿ ಇವುಗಳಿಗಿಲ್ಲ. ‘ಹೆಚ್ಚು’ ಎಂದರೆ ಆ ಲ್ಯಾಬಿನ, ಆ ದಿನದ, ಆ ಹೋಲಿಕೆಯ ಗುಂಪಿಗಿಂತ ಹೆಚ್ಚು, ಅಷ್ಟೇ. ಹಿಂದಿನ ವಾರ ನೆಗಡಿಯಾಗಿದ್ದರೂ, ಹಲ್ಲಿನ ವಸಡು ಊದಿದ್ದರೂ, ಬೆಳಗ್ಗೆ ಜೋರಾಗಿ ಓಡಿ ಬಂದಿದ್ದರೂ ಇವುಗಳಲ್ಲಿ ಕೆಲವು ಮೇಲೆ ಕೆಳಗೆ ಆಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಮಿತಿ ಇನ್ನೊಂದು. ಕಾದಾಟ ನಡೆಯುವುದು ಹೃದಯದ ಸ್ನಾಯುವಿನಲ್ಲಿ, ನಾವು ಅಳೆಯುವುದು ತೋಳಿನ ರಕ್ತನಾಳದಲ್ಲಿ. ಬೀದಿಯಲ್ಲಿ ನಿಂತು ವಾಸನೆ ಹಿಡಿದು ಯಾರ ಮನೆಯ ಒಲೆಯ ಮೇಲೆ ಏನು ಸೀಯುತ್ತಿದೆ ಎಂದು ಹೇಳಹೊರಟಂತೆ ಇದು. ಸೈಟೊಕೈನ್‌ಗಳು ಹುಟ್ಟಿದ ಜಾಗದಲ್ಲೇ ಕೆಲಸ ಮಾಡಿ, ರಕ್ತಕ್ಕೆ ಬಂದ ಮೇಲೆ ಬೇಗ ಕರಗಿಹೋಗುವಂಥವು.

ನಿಜ ಹೇಳಬೇಕೆಂದರೆ, ಸಂಶೋಧನೆಯ ಇಂಥ ಹಾಳೆಯನ್ನು ವಿವರಿಸುವವರಿಲ್ಲದೆ ಮನೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಂದು ಆ ಸಂಶೋಧನೆ ದಂಡವೇನಲ್ಲ, ನಿಮ್ಮ ಪತ್ನಿ ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ಚಾಗಸ್ ಚಿಕಿತ್ಸೆಯ ದೊಡ್ಡ ತಲೆನೋವೆಂದರೆ ಮಾತ್ರೆ ನುಂಗಿದವರು ಗುಣವಾದರೋ ಇಲ್ಲವೋ ತಿಳಿಯದಿರುವುದು. ಪ್ರತಿಕಾಯಗಳು ದೊಡ್ಡವರಲ್ಲಿ ಚಿಕಿತ್ಸೆಯ ನಂತರವೂ ಹತ್ತಿಪ್ಪತ್ತು ವರ್ಷ ಉಳಿಯುತ್ತವೆ. ಪಿಸಿಆರ್ ನೆಗೆಟಿವ್ ಬಂದರೂ ರೋಗಾಣು ಸ್ನಾಯುವಿನಲ್ಲಿ ಅಡಗಿರಬಹುದು. ಬ್ಯೂನಸ್ ಐರಿಸ್‌ನ ತಂಡವೊಂದು ಬೆಂಜ್ನಿಡಜೋಲ್ ಕೊಟ್ಟ ಮೇಲೆ ರೋಗಾಣುವನ್ನು ಗುರುತಿಸಿ ಇಂಟರ್‌ಫೆರಾನ್-ಗಾಮಾ ಬಿಡುವ ಟಿ ಕೋಶಗಳ ಸಂಖ್ಯೆ ಅನೇಕರಲ್ಲಿ ಇಳಿಯುವುದನ್ನು ಕಂಡಿತು. ಇಂಥ ಗುರುತು ಖಚಿತವಾದರೆ ಒಂದೆರಡು ವರ್ಷಗಳಲ್ಲೇ ಔಷಧಿ ಕೆಲಸ ಮಾಡಿತೇ ಎಂದು ಹೇಳಲು ದಾರಿಯಾಗುತ್ತದೆ. ನನ್ನ ಮಟ್ಟಿಗೆ ಸೈಟೊಕೈನ್ ಸಂಶೋಧನೆಯ ಬೆಲೆ ಇರುವುದು ಅಲ್ಲಿ, ಜಾತಕ ಹೇಳುವುದರಲ್ಲಿ ಅಲ್ಲ.

ಈಗ ಅಮ್ಮನ ಮಾತು, ಗೆಳೆಯನ ಮಾತು. ಇಬ್ಬರದೂ ಕಾಳಜಿಯೇ, ಆದರೆ ಗೆಳೆಯನ ಸಲಹೆ ಅಪಾಯದ್ದು. ಸ್ಟೀರಾಯ್ಡ್ ಉರಿಯೂತವನ್ನು ಇಳಿಸುವ ಹೊತ್ತಿಗೇ ರೋಗಾಣುವಿನ ಮೇಲಿನ ಕಾವಲನ್ನೂ ಸಡಿಲಿಸುತ್ತದೆ. ಹೃದಯ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವ ಚಾಗಸ್ ರೋಗಿಗಳಲ್ಲಿ ರೋಗಾಣು ಮತ್ತೆ ಹೆಚ್ಚಿ ಹೊಸ ಹೃದಯಕ್ಕೇ ತಗಲುವುದುಂಟು. ಎಚ್‌ಐವಿ ಸೋಂಕಿತರಲ್ಲಿ ಅದು ಮಿದುಳಿಗೆ ಏರುವುದುಂಟು. ಮುಂದೆ ಎಂದಾದರೂ ಆಸ್ತಮಾ, ಸಂಧಿವಾತ ಇತ್ಯಾದಿಗೆ ಸ್ಟೀರಾಯ್ಡ್ ಅಥವಾ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ಬೇಕಾದರೆ ಚಾಗಸ್ ಇದೆ ಎಂದು ಮೊದಲೇ ಹೇಳಬೇಕು. ‘ಟಿಎನ್‌ಎಫ್ ಒಂದನ್ನೇ ತಡೆದರೆ ಹೃದಯ ಉಳಿಯಬಹುದಲ್ಲ’ ಎಂದು ನೀವು ಕೇಳಬಹುದು. ಚಾಗಸ್ ಅಲ್ಲದ ಕಾರಣಗಳಿಂದ ಹೃದಯ ಸೋತವರಲ್ಲಿ 2000ದ ಆಸುಪಾಸಿನಲ್ಲಿ ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿಗಳಿಂದ ಇದನ್ನು ಮಾಡಿ ನೋಡಿದರು. ಮೊದಲನೆಯದು ಪ್ರಯೋಜನಕ್ಕೆ ಬರಲಿಲ್ಲ, ಎರಡನೆಯದರ ಹೆಚ್ಚಿನ ಡೋಸ್ ಪಡೆದವರ ಸ್ಥಿತಿ ಬಿಗಡಾಯಿಸಿತು. ರಕ್ತದಲ್ಲಿ ಏರಿದ್ದನ್ನೆಲ್ಲ ಇಳಿಸಿದರೆ ರೋಗ ಇಳಿಯುತ್ತದೆ ಎಂಬ ಲೆಕ್ಕ ಅಲ್ಲೇ ಕೈಕೊಟ್ಟಿತು.

ಕಷಾಯದ ವಿಷಯ. ‘ರೋಗನಿರೋಧಕ ಶಕ್ತಿ’ ಎಂಬುದು ಏರಿಸಿದಷ್ಟೂ ಒಳ್ಳೆಯದೆನ್ನುವ ಒಂದೇ ವಸ್ತುವಲ್ಲ ಎಂಬುದು ಮೇಲಿನದನ್ನು ಓದಿದ ನಿಮಗೆ ಗೊತ್ತಾಗಿರಬೇಕು. ಅರಿಶಿನದ ಹಾಲು, ಮೆಣಸಿನ ಸಾರು ಕುಡಿಯಲಿ, ಅಮ್ಮನಿಗೂ ಸಮಾಧಾನ. ಅಮೃತಬಳ್ಳಿಯನ್ನು ಮಾತ್ರ ಸದ್ಯಕ್ಕೆ ಬೇಡ ಎನ್ನುತ್ತೇನೆ. 2021ರಲ್ಲಿ ಮುಂಬೈನ ಲಿವರ್ ತಜ್ಞರು ಇದನ್ನು ಸೇವಿಸಿದ ಕೆಲವರಲ್ಲಿ ಲಿವರಿಗೆ ಪೆಟ್ಟಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಆ ವಾದದಲ್ಲಿ ಯಾರು ಸರಿ ಎನ್ನುವುದು ನಿಮಗೆ ಬೇಕಿಲ್ಲ. ಬೆಂಜ್ನಿಡಜೋಲ್ ತೆಗೆದುಕೊಳ್ಳುವಾಗ ಲಿವರ್ ಪರೀಕ್ಷೆ ಮಾಡುತ್ತಿರುತ್ತಾರೆ. ಅಂಕಿ ಏರಿದರೆ ಮಾತ್ರೆಯಿಂದಲೋ ಬಳ್ಳಿಯಿಂದಲೋ ತಿಳಿಯದೆ, ಬೇಕಾದ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತದೆ.

ಹಾಗಾದರೆ ಹೃದಯದ ಭವಿಷ್ಯವನ್ನು ನಾವು ಯಾವುದರಿಂದ ಅಳೆಯುತ್ತೇವೆ? ಬಲು ಹಳೆಯ ಸಾಧನಗಳಿಂದ. ಹೃದಯಕ್ಕೆ ರೋಗ ಇಳಿದವರಲ್ಲಿ ಅಪಾಯ ಲೆಕ್ಕ ಹಾಕಲು 2006ರಲ್ಲಿ ಬ್ರೆಜಿಲ್‌ನ ರಸ್ಸಿ ಮತ್ತು ಸಂಗಡಿಗರು ಮಾಡಿದ ಅಂಕಪಟ್ಟಿಯಲ್ಲಿ ಆರು ಅಂಶಗಳಿವೆ: ಸ್ವಲ್ಪ ನಡೆದರೂ ಏದುಸಿರು, ಎಕ್ಸ್‌ರೇಯಲ್ಲಿ ಹಿಗ್ಗಿದ ಹೃದಯ, ಎಕೋದಲ್ಲಿ ಹೃದಯದ ಗೋಡೆಯ ಚಲನೆಯಲ್ಲಿ ದೋಷ, 24 ಗಂಟೆ ಎದೆಗೆ ಯಂತ್ರ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆಯಲ್ಲಿ ಹೃದಯದ ಬಡಿತ ಆಗಾಗ ಹುಚ್ಚುಗಟ್ಟಿ ಓಡುವುದು, ಇಸಿಜಿಯ ಗೆರೆಗಳ ಎತ್ತರ ಕುಗ್ಗುವುದು, ಮತ್ತು ಗಂಡಸಾಗಿರುವುದು. ಸೈಟೊಕೈನ್ ಒಂದೂ ಇಲ್ಲ. ನೀವು ಬರೆದಷ್ಟರಲ್ಲಿ ನಿಮ್ಮ ಪತ್ನಿಗೆ ಇದರಲ್ಲಿ ಯಾವುದೂ ಕಾಣುತ್ತಿಲ್ಲ. ಹೋಲ್ಟರ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಎಕೋ ಮಾಡಿದವರು ಹೃದಯದ ತುದಿಯನ್ನು ಗಮನವಿಟ್ಟು ನೋಡಿದ್ದಾರೆಯೇ ಕೇಳಿ, ಚಾಗಸ್‌ನಲ್ಲಿ ಅಲ್ಲಿ ಸಣ್ಣ ಉಬ್ಬು ಬರುವುದುಂಟು, ಅದರೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ಕಾರಣವಾಗಬಹುದು.

ಇಸಿಜಿಯ ಬ್ಲಾಕ್ ಬಗ್ಗೆ. ಬ್ಲಾಕ್ ಎಂದ ಕೂಡಲೇ ನಮ್ಮವರು ಸ್ಟೆಂಟ್ ನೆನೆಯುತ್ತಾರೆ. ಇದು ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ಬಲಭಾಗಕ್ಕೆ ಹೋಗುವ ವಿದ್ಯುತ್ ಎಳೆಯೊಂದರಲ್ಲಿನ ತಡೆ. ಆರೋಗ್ಯವಂತರಲ್ಲೂ ಸಿಗುತ್ತದೆ, ಆದರೆ ಚಾಗಸ್ ಹೃದಯವನ್ನು ಮುಟ್ಟಿದಾಗ ಇಸಿಜಿಯಲ್ಲಿ ಕಾಣುವ ಗುರುತುಗಳಲ್ಲಿ ಇದು ಬಲು ಸಾಮಾನ್ಯ, ಹಾಗಾಗಿ ‘ಕಾಕತಾಳೀಯ’ ಎಂದು ಕೈಬಿಡಲಾರೆ. ನಾನಾದರೆ ಇದನ್ನು ಹೃದಯಕ್ಕೆ ರೋಗ ತಾಕಿರುವ ಮೊದಲ ಸುಳಿವೆಂದೇ ಇಟ್ಟುಕೊಂಡು ವರ್ಷಕ್ಕೊಮ್ಮೆ ಇಸಿಜಿ ಮಾಡಿಸುತ್ತೇನೆ. ಎದೆಬಡಿತ ತಪ್ಪಿದಂತಾದರೆ, ಕಣ್ಣು ಕತ್ತಲೆ ಬಂದರೆ, ಪ್ರಜ್ಞೆ ತಪ್ಪಿದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಹೋಗಬೇಕು.

ಇನ್ನು ಬೆಂಜ್ನಿಡಜೋಲ್. ಇದರ ಪರ ವಿರೋಧ ಎರಡನ್ನೂ ಹೇಳುತ್ತೇನೆ. 2015ರಲ್ಲಿ ಪ್ರಕಟವಾದ ಬೆನಿಫಿಟ್ ಎಂಬ ದೊಡ್ಡ ಪ್ರಯೋಗದಲ್ಲಿ ಐದು ದೇಶಗಳ 2,854 ಮಂದಿ ಇದ್ದರು, ಎಲ್ಲರ ಹೃದಯಕ್ಕೂ ಆಗಲೇ ಚಾಗಸ್ ತಗಲಿತ್ತು. ಮಾತ್ರೆಯಿಂದ ರಕ್ತದಲ್ಲಿ ರೋಗಾಣು ಕಡಿಮೆಯಾಯಿತು. ಐದು ವರ್ಷಕ್ಕೂ ಮಿಕ್ಕಿ ಗಮನಿಸಿದರೂ ಹೃದಯ ಹದಗೆಡುವುದು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಗಾಯದ ಕಲೆ ಕೂತ ಮೇಲೆ ರೋಗಾಣು ಕೊಂದರೂ ಕಲೆ ಹೋಗುವುದಿಲ್ಲ. ಅದಕ್ಕೂ ಮುಂಚೆ, 2006ರಲ್ಲಿ, ಬ್ಯೂನಸ್ ಐರಿಸ್‌ನಿಂದ ಬಂದ ವರದಿಯ ಪ್ರಕಾರ ಹೃದಯ ವೈಫಲ್ಯ ಇಲ್ಲದ ಹಂತದಲ್ಲೇ ಚಿಕಿತ್ಸೆ ಪಡೆದವರಲ್ಲಿ ಶೇ 4 ಮಂದಿಗೆ ರೋಗ ಮುಂದುವರಿದರೆ, ಪಡೆಯದವರಲ್ಲಿ ಶೇ 14 ಮಂದಿಗೆ. ಅಲ್ಲಿ ಯಾರಿಗೆ ಮಾತ್ರೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಆದ್ದರಿಂದ ಆ ಸಾಕ್ಷ್ಯದ ತೂಕ ಕಡಿಮೆ. ನಿಮ್ಮ ಪತ್ನಿ ಈ ಎರಡರ ನಡುವೆ ನಿಂತಿದ್ದಾರೆ. ಹೃದಯದ ಲೆಕ್ಕದಲ್ಲಿ ಮಾತ್ರ ನೋಡಿದರೆ, ಲಾಭ ಆಗಬಹುದು, ಖಾತರಿ ಇಲ್ಲ ಎಂದಷ್ಟೇ ಹೇಳಬಲ್ಲೆ.

ಆದರೆ ನಿಮಗೆ ಇನ್ನೊಂದು ಮಗು ಬೇಕು, ತಕ್ಕಡಿ ವಾಲುವುದು ಅಲ್ಲಿ. ಸೋಂಕಿರುವ ತಾಯಿಯಿಂದ ಮಗುವಿಗೆ ದಾಟುವ ಸಂಭವ ನೂರಕ್ಕೆ ಐದರ ಆಸುಪಾಸು. ಗರ್ಭ ಧರಿಸುವ ಮುಂಚೆಯೇ ಚಿಕಿತ್ಸೆ ಮುಗಿಸಿದ ಹೆಂಗಸರ ಮಕ್ಕಳಲ್ಲಿ ಸೋಂಕು ಬಹುತೇಕ ಕಾಣುವುದಿಲ್ಲ ಎಂದು ಅರ್ಜೆಂಟೀನಾದ ಅನುಭವ ಹೇಳುತ್ತದೆ. ಬಸಿರಿನಲ್ಲಿ ಈ ಮಾತ್ರೆ ಕೊಡುವಂತಿಲ್ಲ, ಆದ್ದರಿಂದ ಮೊದಲು ಚಿಕಿತ್ಸೆ, ಆಮೇಲೆ ಮಗು. ಈ ಕ್ರಮ ತಪ್ಪಬಾರದು. ನನ್ನ ಬಳಿ ಇಂಥ ಹೆಣ್ಣುಮಗಳು ಬಂದರೆ ನಾನೂ ಮಾತ್ರೆ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ಅಡ್ಡಪರಿಣಾಮ ಇದೆ, ಮುಚ್ಚಿಡುವುದಿಲ್ಲ. ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಚರ್ಮದ ಮೇಲೆ ದದ್ದು, ತುರಿಕೆ. ಸಾಮಾನ್ಯವಾಗಿ ಎರಡನೇ ವಾರದ ಸುತ್ತಮುತ್ತ. ಹೆಚ್ಚಿನವು ಅಲರ್ಜಿ ಮಾತ್ರೆಗೆ ಬಗ್ಗುತ್ತವೆ. ದದ್ದಿನ ಜೊತೆ ಜ್ವರ ಬಂದರೆ, ಬಾಯಿ ಕಣ್ಣಿನ ಒಳಪೊರೆ ಹುಣ್ಣಾದರೆ ಮಾತ್ರೆ ಆ ಹೊತ್ತಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಕೊನೆಕೊನೆಗೆ ಕೆಲವರಿಗೆ ಅಂಗಾಲು ಜೋಮು ಹಿಡಿದು ಉರಿಯುತ್ತದೆ. ಹೇಳದೆ ಸಹಿಸಿಕೊಂಡು ಕೋರ್ಸ್ ಮುಗಿಸುವ ಹಟ ಬೇಡ, ಅದು ತಿಂಗಳುಗಟ್ಟಲೆ ಉಳಿಯಬಹುದು. ಅಪರೂಪಕ್ಕೆ ಬಿಳಿ ರಕ್ತಕಣ ಕುಸಿಯುತ್ತದೆ, ಅದಕ್ಕೇ ನಡುನಡುವೆ ರಕ್ತಪರೀಕ್ಷೆ. ಮದ್ಯ ಪೂರ್ತಿ ವರ್ಜ್ಯ. ಪೂರ್ತಿ 60 ದಿನ ತಾಳಿಕೊಳ್ಳಲಾಗದಿದ್ದರೆ ಎಲ್ಲ ಕೈತಪ್ಪಿತು ಎಂದುಕೊಳ್ಳಬೇಡಿ. ಬೊಲಿವಿಯಾದಲ್ಲೇ ನಡೆದು 2021ರಲ್ಲಿ ಪ್ರಕಟವಾದ ಬೆಂಡಿಟಾ ಪ್ರಯೋಗದಲ್ಲಿ ಎರಡು ವಾರದ ಚಿಕಿತ್ಸೆಯೂ ರಕ್ತದಿಂದ ರೋಗಾಣುವನ್ನು ಅಳಿಸುವುದರಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಅದಿನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ, ಆದರೆ ಅರ್ಧಕ್ಕೆ ನಿಂತರೆ ವೈದ್ಯರ ಜೊತೆ ಮಾತಾಡಲು ಆಧಾರವಂತೂ ಆಗುತ್ತದೆ. ನಿಫರ್ಟಿಮಾಕ್ಸ್ ಎಂಬ ಇನ್ನೊಂದು ಮಾತ್ರೆಯೂ ಇದೆ. ಅದರಲ್ಲಿ ಹಸಿವು ಕೆಡುವುದು, ತೂಕ ಇಳಿಯುವುದು ಹೆಚ್ಚು.

ಮಗಳಿಗೆ ಈ ತಿಂಗಳೇ ಪರೀಕ್ಷೆ ಮಾಡಿಸಿ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಒಂದೇ ಸಾಲಿದೆ, ನನಗೆ ತುರ್ತೆನಿಸಿದ್ದು ಆ ಸಾಲೇ. ಐದು ವರ್ಷದ ಮಗುವಿನಲ್ಲಿ ಕಾಣುವ ಪ್ರತಿಕಾಯ ತಾಯಿಯಿಂದ ಬಂದು ಉಳಿದದ್ದಾಗಿರುವುದಿಲ್ಲ, ಹಾಗಾಗಿ ಪರೀಕ್ಷೆಯ ಉತ್ತರ ಸ್ಪಷ್ಟವಾಗಿರುತ್ತದೆ. ಸೋಂಕಿದ್ದರೂ ಹೆದರುವಂಥದ್ದಿಲ್ಲ. ಮಕ್ಕಳಲ್ಲಿ ಈ ಮಾತ್ರೆ ದೊಡ್ಡವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಅಡ್ಡಪರಿಣಾಮವೂ ಕಡಿಮೆ; ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿದ್ದು 2ರಿಂದ 12 ವರ್ಷದ ಮಕ್ಕಳಿಗೇ. ನಿಮ್ಮ ಅತ್ತೆ, ಪತ್ನಿಯ ಅಣ್ಣತಮ್ಮ ಅಕ್ಕತಂಗಿಯರೂ ಒಂದೇ ಮಣ್ಣುಗೋಡೆಯ ಮನೆಯಲ್ಲಿ ಬೆಳೆದವರಾದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಊರಿನವರಿಗೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ, ಕೆಮ್ಮಿದರೆ ಈ ರೋಗ ಬರುವುದಿಲ್ಲ. ಈ ಕೀಟದ ಬಳಗದ ಒಂದು ಜಾತಿ ಭಾರತದಲ್ಲೂ ಇದೆ, ಆದರೆ ನಮ್ಮಲ್ಲಿ ಅದರಿಂದ ಚಾಗಸ್ ಹರಡುತ್ತಿಲ್ಲ. ಸೊಳ್ಳೆಯಿಂದ ಹರಡುವುದೂ ಇಲ್ಲ. ಎಚ್ಚರ ಬೇಕಾದ್ದು ಒಂದು ಕಡೆ: ಭಾರತದ ರಕ್ತನಿಧಿಗಳಲ್ಲಿ ಕಡ್ಡಾಯ ಪರೀಕ್ಷೆ ಇರುವುದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ. ಚಾಗಸ್ ಅದರಲ್ಲಿಲ್ಲ. ನೆಂಟರಲ್ಲಿ ಯಾರಿಗೋ ತುರ್ತಾಗಿ ರಕ್ತ ಬೇಕಾಗಿ, ಗುಂಪು ಹೊಂದುತ್ತದೆಂದು ನಿಮ್ಮ ಪತ್ನಿಯೇ ಮುಂದೆ ಬಂದರೂ ಕೊಡುವಂತಿಲ್ಲ, ಚಿಕಿತ್ಸೆ ಮುಗಿದ ಮೇಲೂ ಇಲ್ಲ.

ಹಬ್ಬಕ್ಕೆ ಬರುವ ಮುಂಚೆ ಮಾತ್ರೆ ಶುರು ಮಾಡಬೇಡಿ. ದದ್ದು ಬರುವ ಎರಡನೇ ವಾರ ನೀವು ವಿಮಾನದಲ್ಲೋ ಹಾಸನದಲ್ಲೋ ಇದ್ದರೆ, ಈ ಔಷಧಿಯನ್ನು ಎಂದೂ ಕಂಡಿರದ ವೈದ್ಯರ ಮುಂದೆ ಕೂರಬೇಕಾಗುತ್ತದೆ. ತಿಂಗಳೆರಡು ತಿಂಗಳು ತಡವಾದರೆ ನಷ್ಟವಿಲ್ಲ. ಊರಿನಿಂದ ಹೋದ ಮೇಲೆ ಆರಂಭಿಸಿ. ಬರುವಾಗ ಇಸಿಜಿಯ ಪ್ರತಿ, ಎಕೋ ವರದಿ, ‘ದೀರ್ಘಕಾಲದ ಚಾಗಸ್ ಸೋಂಕು’ ಎಂದು ಬರೆದ ವೈದ್ಯರ ಪತ್ರ ಬ್ಯಾಗಿನಲ್ಲಿರಲಿ. ಸೈಟೊಕೈನ್ ಹಾಳೆ ತರುವುದು ಬೇಡ.